ಖರ್ಚಿಲ್ಲದ ಸಣ್ಣ ಉಪಾಯ: ನಿಮ್ಮ ಮನೆಯಲ್ಲಿ ನಿಜಕ್ಕೂ ಕೆಲಸಕ್ಕೆ ಬಂದಿದ್ದು ಯಾವುದು?

ತಿಂಡಿಪೋತ:
ರೀಲ್ಸ್ ನೋಡಿ ತಲೆ ಕೆಟ್ಟಿದೆ. ನಿಂಬೆಹಣ್ಣು, ಸೋಡಾಪುಡಿ ಇದ್ದರೆ ಊರನ್ನೇ ತೊಳೆಯಬಹುದು ಅನ್ನೋ ಥರ ಹೇಳುತ್ತಾರೆ. ಅದು ಬೇಡ. ಹೊಸದೇನೂ ಕೊಳ್ಳದೆ ನೀವು ಮನೆಯಲ್ಲಿ ಮಾಡುವಂಥದ್ದು ಹೇಳಿ. ಬಾಡಿಗೆ ಮನೆ, ಇರೋದು ಒಂದೇ ಸಿಲಿಂಡರ್, ಅಡುಗೆಮನೆಯದ್ದಾದರೆ ಇನ್ನೂ ಒಳ್ಳೆಯದು.

ಒಗ್ಗರಣೆ ಅಕ್ಕ:
ಒಂದೇ ಸಿಲಿಂಡರ್ ಅಂದ್ರಲ್ಲ, ಮೊದಲು ಇದನ್ನು ಕಲಿಯಿರಿ. ಎತ್ತಿ ಅಲ್ಲಾಡಿಸಿ ನೋಡೋದೆಲ್ಲ ಬಿಡಿ. ಬಟ್ಟೆಯನ್ನು ಚೆನ್ನಾಗಿ ಒದ್ದೆ ಮಾಡಿ ಸಿಲಿಂಡರನ್ನು ಮೇಲಿಂದ ಕೆಳಗಿನವರೆಗೂ ಒರೆಸಿ ಸ್ವಲ್ಪ ಹೊತ್ತು ಸುಮ್ನೆ ಬಿಡಿ. ಮೇಲಿನ ಭಾಗ ಬೇಗ ಆರುತ್ತದೆ, ಕೆಳಗೆ ಇನ್ನೂ ಹಸಿ ಇರುತ್ತದೆ, ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಆ ಗೆರೆವರೆಗೆ ಗ್ಯಾಸ್ ಇದೆ ಅಂತ ಲೆಕ್ಕ. ಒಳಗಿರುವ ಗ್ಯಾಸ್ ನೀರಿನ ಹಾಗೆ ದ್ರವವಾಗಿರುತ್ತದೆ, ಅದು ತಾಗಿದ ಕಡೆ ಲೋಹ ತಣ್ಣಗಿರುತ್ತದೆ, ಹಾಗಾಗಿ ಅಲ್ಲಿ ತೇವ ಹೋಗೋದು ನಿಧಾನ. ಒಲೆ ಉರಿದ ಮೇಲೆ ಮಾಡಿದರೆ ಗೆರೆ ಇನ್ನೂ ಚೆನ್ನಾಗಿ ಕಾಣುತ್ತದೆ.

ತೀರ್ಥಹಳ್ಳಿ ಮಳೆ:
ಅಕ್ಕಾ, ನಮ್ಮ ಕಡೆ ಜುಲೈನಲ್ಲಿ ಒಗೆದ ಬಟ್ಟೆನೇ ಒಣಗಲ್ಲ, ಸಿಲಿಂಡರ್ ಎಲ್ಲಿ ಒಣಗಬೇಕು! ನಾವು ಅಡಿಕೆ ತೂಗುವ ತಕ್ಕಡಿಯಲ್ಲಿ ಇಟ್ಟು ನೋಡುತ್ತೇವೆ. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ, ಅದನ್ನು ಕಳೆದರೆ ಉಳಿದದ್ದು ಗ್ಯಾಸ್. ತುಂಬಿದ್ದರಲ್ಲಿ 14.2 ಕಿಲೋ ಇರಬೇಕು. ಹೊಸದು ತಂದುಕೊಟ್ಟಾಗಲೂ ಹೀಗೇ ತೂಗಿಸಿ, ನಾಚಿಕೆ ಬೇಡ. ಮೇಲ್ಗಡೆ ಪಟ್ಟಿಯ ಒಳಮಗ್ಗುಲಲ್ಲಿ ಬಿ-27 ಅಂತಲೋ ಏನೋ ಇರುತ್ತದೆ, ಅದನ್ನೂ ನೋಡಿ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಹಾಗೇ ಸಿ, ಡಿ. 27 ಅಂದರೆ 2027ನೇ ವರ್ಷ. ಆ ವರ್ಷದ ಆ ಮೂರು ತಿಂಗಳಲ್ಲಿ ಅದನ್ನು ಮತ್ತೆ ಪರೀಕ್ಷೆ ಮಾಡಿಸಬೇಕು ಅಂತ ಅರ್ಥ. ದಿನ ದಾಟಿದ್ದು ಬಂದರೆ ವಾಪಸ್ ಕಳಿಸಿ.

ಸೋಮಾರಿ ಸಂಘ:
ಮುಗಿಯೋ ಹೊತ್ತಿಗೆ ಮಲಗಿಸಿದರೆ ಎರಡು ದಿನ ಜಾಸ್ತಿ ಬರುತ್ತೆ ಅಂತಾರೆ ನಮ್ಮ ಪಕ್ಕದ ಮನೆಯವರು?

ಒಗ್ಗರಣೆ ಅಕ್ಕ:
ಮಾಡಬೇಡಿ ಮಾರಾಯ್ರೇ. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಬಹುದು, ಉರಿ ಭಗ್ ಅಂತ ಏಳುತ್ತದೆ. ಎರಡು ದಿನದ ಗ್ಯಾಸಿಗೆ ಇದೆಲ್ಲ ಬೇಕಾ?

ಬೆಂಗಳೂರು ಚಳಿ:
ನನ್ನದು ದೋಸೆ ಹಿಟ್ಟಿನದು. ಡಿಸೆಂಬರ್‌ನಲ್ಲಿ ಹಿಟ್ಟು ಹುಳಿ ಬರಲ್ಲ ಅಂತ ಸೋಡಾ ಹಾಕುವವರೇ ಜಾಸ್ತಿ. ಅದರ ಬದಲು ಪಾತ್ರೆಗೆ ಅರ್ಧ ಮಾತ್ರ ಹಿಟ್ಟು ಹಾಕಿ, ಉಗುರುಬೆಚ್ಚಗಿನ ನೀರಿರುವ ದೊಡ್ಡ ಪಾತ್ರೆಯೊಳಗೆ ಅದನ್ನು ಇಟ್ಟು ಮುಚ್ಚಿಡಿ. ಬೆಳಗ್ಗೆ ಉಬ್ಬಿರುತ್ತದೆ. ಅಜ್ಜಿ ಮನೆಯಲ್ಲಿ ಬಚ್ಚಲ ಒಲೆ ಪಕ್ಕ ಇಡುತ್ತಿದ್ದರು, ಫ್ಲ್ಯಾಟಲ್ಲಿ ಆ ಒಲೆ ಎಲ್ಲಿಂದ ತರೋದು?

ಸೋಮಾರಿ ಸಂಘ:
ನೀರಿಗೆ ಬಿದ್ದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಇಡೋದು?

ಬೆಂಗಳೂರು ಚಳಿ:
ಸುಮ್ನೆ ದಂಡ. ಅಕ್ಕಿಯ ಚೂರು ಒಳಗೆ ಸೇರಿ ಫೋನ್ ಕೆಡಬಹುದು ಅಂತ ಆಪಲ್‌ನವರೇ ಬೇಡ ಅಂದಿದ್ದಾರೆ. ಆಫ್ ಮಾಡಿ, ಚಾರ್ಜರ್ ತೂತು ಕೆಳಗೆ ಮಾಡಿ ಕೊಡವಿ, ಗಾಳಿ ಆಡುವ ಕಡೆ ಇಡಿ. ಪೂರ್ತಿ ಒಣಗೋವರೆಗೂ ಚಾರ್ಜಿಗೆ ಹಾಕಬೇಡಿ.