ಲ ಪ್ಯುಯಿಯಿಂದ ಕಾಂಕ್‌ವರೆಗೆ ಅಮ್ಮನ ಜೊತೆ: ಚೀಲ ಬೆನ್ನಿಗೋ, ವ್ಯಾನಿಗೋ?

ಪ್ರಶ್ನೆ, ಮೈಸೂರಿನಿಂದ:
ಮುಂದಿನ ಮೇ ತಿಂಗಳಲ್ಲಿ ಅಮ್ಮ (61) ಮತ್ತು ನಾನು ಫ್ರಾನ್ಸಿನ ಜಿ.ಆರ್. 65 ದಾರಿಯಲ್ಲಿ (ಸ್ಪೇನಿನ ಸ್ಯಾಂಟಿಯಾಗೊಗೆ ಹೋಗುವ ಯಾತ್ರಿಕರ ಕಾಲ್ದಾರಿ) ಲ ಪ್ಯುಯಿಯಿಂದ ಕಾಂಕ್‌ವರೆಗೆ ನಡೆಯಬೇಕು ಅಂದುಕೊಂಡಿದ್ದೇವೆ. ಕೈಯಲ್ಲಿರುವುದು 12 ದಿನ. ಅಮ್ಮನಿಗೆ ಹಳೆಯ ಕಲ್ಲಿನ ಚರ್ಚುಗಳೆಂದರೆ ಪ್ರಾಣ, ಆದರೆ ಬಲ ಮಂಡಿ ಸ್ವಲ್ಪ ತಕರಾರು. ಇಬ್ಬರೂ ಸಸ್ಯಾಹಾರಿಗಳು. ಚೀಲ ಹೊತ್ತೇ ನಡೆಯುವುದೋ, ದಿನಾ ಮುಂದಿನ ಊರಿಗೆ ಸಾಗಿಸುವ ವ್ಯಾನಿಗೆ ಕೊಡುವುದೋ? ಹೋಗಿ ಬಂದವರು ದಯವಿಟ್ಟು ಹೇಳಿ.

ಮಂಗಳೂರಿನಿಂದ:
ಹೊರಬೇಕು. ಅದರಲ್ಲಿ ಎರಡು ಮಾತಿಲ್ಲ. ಬೆಳಗ್ಗೆ 7ರ ಪೂಜೆ ಮುಗಿದ ಮೇಲೆ ಲ ಪ್ಯುಯಿ ಕೆಥೆಡ್ರಲ್‌ನ ನೆಲದಲ್ಲೇ ಬಾಗಿಲು ತೆರೆದು, ಯಾತ್ರಿಕರು ಒಳಗಿನಿಂದಲೇ ಮೆಟ್ಟಿಲಿಳಿದು ಊರಿಗೆ ಬರುತ್ತಾರೆ. ಆ ಕ್ಷಣದಲ್ಲಿ ಬೆನ್ನ ಮೇಲೆ ಚೀಲ ಇರಬೇಕು. ತೂಕದ ಲೆಕ್ಕ ಸುಲಭ: ದೇಹದ ತೂಕದ ಹತ್ತನೇ ಒಂದು ಭಾಗ, ನೀರೂ ಸೇರಿ. 60 ಕಿಲೋ ಇದ್ದರೆ 6 ಕಿಲೋ. ಎರಡು ಜೊತೆ ಬಟ್ಟೆ, ರೇನ್‌ಕೋಟು, ತೆಳ್ಳನೆಯ ಮಲಗುವ ಚೀಲ, ಒಂದೂವರೆ ಲೀಟರ್ ನೀರು. ಇಷ್ಟಕ್ಕೇ ಐದು ದಾಟುತ್ತದೆ, ಉಳಿದದ್ದೆಲ್ಲ ಮನೆಯಲ್ಲಿರಲಿ. ಜೀನ್ಸ್ ಒಂದೇ ಮುಕ್ಕಾಲು ಕಿಲೋ, ಒದ್ದೆಯಾದರೆ ಎರಡು ದಿನವಾದರೂ ಒಣಗದು.

ಒಟ್ಟು ಸುಮಾರು 203 ಕಿ.ಮೀ. ದಿನಕ್ಕೊಂದು ಊರು, ಕಿ.ಮೀ. ಲೆಕ್ಕದಲ್ಲಿ: ಸ್ಯಾಂ-ಪ್ರಿವಾ 24, ಸೋಗ್ 19, ಸೊವಾಜ್ 19, ಓಮೋಂ 28, ನಾಸ್ಬಿನಾಲ್ 26, ಸ್ಯಾಂ-ಶೆಲಿ 17, ಎಸ್ಪಾಲಿಯೋಂ 22, ಎಸ್ತ್ಯಾಂ 12, ಗೊಲಿನ್ಯಾಕ್ 15, ಕಾಂಕ್ 21. ಹತ್ತು ದಿನ. ಉಳಿದ ಎರಡು ದಿನ ಲ ಪ್ಯುಯಿಗೊಂದು, ಕಾಂಕ್‌ಗೊಂದು.

ಶಿವಮೊಗ್ಗದಿಂದ:
ಮಂಡಿ ತಕರಾರು ಅಂತ ಪ್ರಶ್ನೆಯಲ್ಲೇ ಇದೆ. ಅದನ್ನು ಓದದೆ "ಹೊರಬೇಕು" ಅನ್ನುವುದು ಯಾವ ನ್ಯಾಯ? ಈ ದಾರಿಯಲ್ಲಿ ಮಂಡಿ ಕೆಡಿಸುವುದು ಏರಲ್ಲ, ಇಳಿತ. ರೋಶ್‌ಗೂದ್‌ನ ಪುಟ್ಟ ಚಾಪೆಲ್ ನಿಂತಿರುವುದೇ ಬಂಡೆಯ ಅಂಚಿನಲ್ಲಿ. ಅಲ್ಲಿಂದ ಅಲ್ಯೇ ನದಿಯ ದಡದ ಮೊನಿಸ್ತ್ರೋಲ್‌ಗೆ ಸುಮಾರು 350 ಮೀಟರ್ ಕೆಳಕ್ಕೆ, ಬೇರು ಮತ್ತು ಸಡಿಲ ಕಲ್ಲಿನ ಮೇಲೆ. ನದಿ ದಾಟಿದ ಕೂಡಲೇ ಅಷ್ಟೇ ಎತ್ತರ ಮತ್ತೆ ಹತ್ತಬೇಕು. ಓಬ್ರಾಕ್ ಹಳ್ಳಿಯಿಂದ ಸ್ಯಾಂ-ಶೆಲಿಗೆ 8 ಕಿ.ಮೀ.ನಲ್ಲಿ 500 ಮೀಟರ್ ಇಳಿತ. ಕಾಂಕ್‌ಗೆ ಕೊನೆಯ ಎರಡು ಕಿ.ಮೀ.ಯೂ ಕಡಿದಾದದ್ದೇ, ಮಳೆ ಬಿದ್ದರೆ ಕಲ್ಲು ಜಾರುತ್ತದೆ.

ವ್ಯಾನಿನ ಲೆಕ್ಕ ಹೀಗೆ: ಒಂದು ಚೀಲಕ್ಕೆ ಒಂದು ಹಂತಕ್ಕೆ 8ರಿಂದ 10 ಯೂರೋ. ಇಬ್ಬರ ಸಾಮಾನನ್ನೂ ಒಂದೇ ಚೀಲಕ್ಕೆ ತುಂಬಿದರೆ ಹತ್ತು ದಿನಕ್ಕೆ ಹೆಚ್ಚೆಂದರೆ 100 ಯೂರೋ. ತೂಕದ ಮಿತಿ ಸಾಮಾನ್ಯವಾಗಿ 12-13 ಕಿಲೋ. ಹಿಂದಿನ ಸಂಜೆಯೊಳಗೆ ಹೇಳಿ, ಬೆಳಗ್ಗೆ 8ರೊಳಗೆ ತಂಗುಮನೆಯ ಬಾಗಿಲಲ್ಲಿ ಚೀಲ ಇಡಬೇಕು. ತಡವಾದರೆ ವ್ಯಾನ್ ಕಾಯುವುದಿಲ್ಲ. ಪಾಸ್‌ಪೋರ್ಟು, ಔಷಧಿ, ಹಣ, ರೇನ್‌ಕೋಟು ಮಾತ್ರ ಕೈಚೀಲದಲ್ಲೇ ಇರಲಿ. ಚೀಲ ಬೇರೆ ಊರಿಗೆ ಹೋಗಿಬಿಡುವುದೂ ಉಂಟು, ಅದಕ್ಕೆ ಒಂದು ಜೊತೆ ಕಾಲುಚೀಲ ಜೊತೆಗಿರಲಿ.

ಮಂಗಳೂರಿನಿಂದ:
100 ಯೂರೋಗೆ ಇಬ್ಬರೂ ಐದಾರು ರಾತ್ರಿ ಮುನಿಸಿಪಲ್ ತಂಗುಮನೆಯಲ್ಲಿ ಮಲಗಬಹುದು ಅನ್ನುತ್ತಿದ್ದೆ, ಅದು ತಪ್ಪು. ಹಾಸಿಗೆಗೆ 15-22 ಯೂರೋ ಲೆಕ್ಕ ಹಾಕಿದರೆ ಎರಡು ಮೂರು ರಾತ್ರಿಗಷ್ಟೇ ಸಾಕು. ಆದರೂ ಹೇಳುತ್ತೇನೆ, ವ್ಯಾನ್ ಹಿಡಿದರೆ ಪ್ರತಿ ರಾತ್ರಿ ಮೊದಲೇ ಗೊತ್ತು ಮಾಡಿದ ಊರಿಗೇ ಹೋಗಿ ಸೇರಬೇಕು. ಅಮ್ಮನ ಮಂಡಿ ಮೊನಿಸ್ತ್ರೋಲ್‌ನಲ್ಲೇ ಬೇಡ ಅಂದರೆ? ಚೀಲ ಸೋಗ್‌ನಲ್ಲಿ, ನೀವು ನದಿ ದಡದಲ್ಲಿ. ಇದನ್ನು ಯಾರೂ ಹೇಳುವುದಿಲ್ಲ.

ಶಿವಮೊಗ್ಗದಿಂದ:
ಮೇ ತಿಂಗಳಲ್ಲಿ ಮೊದಲೇ ಗೊತ್ತು ಮಾಡದೆ ಹೋದರೆ ಮಲಗುವುದೆಲ್ಲಿ ಸ್ವಾಮಿ, ಚರ್ಚಿನ ಜಗಲಿಯಲ್ಲೇ?

ಲಿಯಾನ್‌ನಿಂದ:
ಇಬ್ಬರೂ ಸ್ವಲ್ಪ ತಡೆಯಿರಿ. ಮೇ 1 ಮತ್ತು 8 ಸರ್ಕಾರಿ ರಜೆ. ಅಸೆನ್ಶನ್ (ಯೇಸು ಸ್ವರ್ಗಕ್ಕೇರಿದ ಹಬ್ಬ) ಗುರುವಾರವೂ ರಜೆ, ಜನ ಶುಕ್ರವಾರವನ್ನೂ ಸೇರಿಸಿಕೊಂಡು ನಾಲ್ಕು ದಿನ ನಡೆಯಲು ಬರುತ್ತಾರೆ. ಮೇ 25ರ ಹತ್ತಿರದ ವಾರಾಂತ್ಯದಲ್ಲಿ ಓಬ್ರಾಕ್‌ನಲ್ಲಿ ದನಗಳನ್ನು ಬೆಟ್ಟಕ್ಕೆ ಹೊಡೆಯುವ ಹಬ್ಬ. ಆಗ ನಾಸ್ಬಿನಾಲ್‌ನಿಂದ ಸ್ಯಾಂ-ಶೆಲಿವರೆಗೆ ಒಂದು ಹಾಸಿಗೆಯೂ ಸಿಗದು. ಮೊದಲು ನಾಸ್ಬಿನಾಲ್ ಮತ್ತು ಸೊವಾಜ್ ಗೊತ್ತು ಮಾಡಿ, ಆಮೇಲೆ ಉಳಿದ ಊರು. ಸೊವಾಜ್ ಅಂದರೆ ಸುಮಾರು 1,290 ಮೀಟರ್ ಎತ್ತರದಲ್ಲಿ ಒಂಟಿಯಾಗಿರುವ ಒಂದು ತೋಟದ ಮನೆ, ಅಲ್ಲಿ ಜಾಗ ಇಲ್ಲದಿದ್ದರೆ ಪಕ್ಕದಲ್ಲಿ ಊರೇ ಇಲ್ಲ.

ಹಾಸಿಗೆ, ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ ಒಬ್ಬರಿಗೆ 40-50 ಯೂರೋ. ಹಳ್ಳಿಯ ತಂಗುಮನೆಗಳಲ್ಲಿ ಕಾರ್ಡ್ ನಡೆಯುತ್ತದೆ ಅಂತ ನಂಬಬೇಡಿ. ಲ ಪ್ಯುಯಿಯಲ್ಲೇ ಮೂರು ದಿನದ ನಗದು ತೆಗೆದುಕೊಳ್ಳಿ, 50ರ ನೋಟು ಬೇಡ, ಹತ್ತು ಇಪ್ಪತ್ತರದು. ಅಂಗಡಿಗಳು ಭಾನುವಾರ ಮಧ್ಯಾಹ್ನ ಮುಚ್ಚುತ್ತವೆ, ಸೋಮವಾರವೂ ಹಲವು ತೆರೆಯುವುದಿಲ್ಲ.

ಕಾಂಕ್‌ನಲ್ಲಿ ರೈಲಿಲ್ಲ. ರೊಡೆಜ್ ಸುಮಾರು 40 ಕಿ.ಮೀ., ಅಲ್ಲಿಗೆ ಗಾಡಿ ಮೊದಲೇ ಗೊತ್ತು ಮಾಡಿಕೊಳ್ಳಿ. ಈ ಖರ್ಚನ್ನು ಎಲ್ಲರೂ ಮರೆಯುತ್ತಾರೆ.

ಹುಬ್ಬಳ್ಳಿಯಿಂದ:
ಊಟದ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲರೀ! ಲ ಪ್ಯುಯಿ ಹಸಿರು ಬ್ಯಾಳಿಗೆ ಹೆಸರುವಾಸಿ, ಆದರ ಅದರಾಗ ಹಂದಿ ಚೂರು ಹಾಕಿ ಬೇಯಿಸೋದು ಅಲ್ಲಿ ವಾಡಿಕೆ. ತರಕಾರಿ ಸೂಪ್ ಅಂದ್ರೂ ಕುದಿಸಿದ್ದು ಮಾಂಸದ ನೀರಾಗ ಇರಬಹುದು. "ಸಾಂ ವಿಯಾಂದ್, ಸಾಂ ಪ್ವಾಸೋಂ", ಮಾಂಸ ಬ್ಯಾಡ, ಮೀನು ಬ್ಯಾಡ. ಇದನ್ನ ಗೊತ್ತು ಮಾಡುವಾಗೂ ಹೇಳ್ರಿ, ಹಿಂದಿನ ದಿನ ಫೋನ್ ಮಾಡಿ ಇನ್ನೊಮ್ಮೆ ಹೇಳ್ರಿ. "ವೆಜಿಟೇರಿಯನ್" ಅಂತ ಬರೀ ಬರದು ಕಳಿಸಿದ್ರ ಮೀನು ಬಂದು ಕೂಡತದ.

ಓಬ್ರಾಕ್‌ನಾಗ ಅಲಿಗೋ ಸಿಗತದ. ಬಟಾಟಿ ಬೇಯಿಸಿ ಅರದು, ಹಸಿ ಚೀಸು, ಬೆಣ್ಣಿ, ಕ್ರೀಮು, ಬಳ್ಳೊಳ್ಳಿ ಹಾಕಿ ಸೌಟಿಗೆ ಮೊಳ ಉದ್ದ ಎಳಿ ಬರೂತನಕ ತಿರುವತಾರ. ಪಕ್ಕಕ್ಕ ಸಾಸೇಜ್ ಇಡತಾರ, ಬ್ಯಾಡ ಅಂತ ಮೊದಲ ಹೇಳ್ರಿ.

ಅವಲಕ್ಕಿ, ಶೇಂಗಾ ಚಟ್ನಿ ಪುಡಿ ಒಯ್ಯಿರಿ. ತುಪ್ಪ, ಪೇಡೆ ಬ್ಯಾಡ. ಹೊರಗಿಂದ ಹಾಲಿನ ಪದಾರ್ಥ ಯುರೋಪಿಯನ್ ಒಕ್ಕೂಟದೊಳಗ ಬಿಡಂಗಿಲ್ಲ, ವಿಮಾನ ನಿಲ್ದಾಣದಾಗ ಕಸಕೋತಾರ.

ಶಿವಮೊಗ್ಗದಿಂದ:
ಅಲಿಗೋ ಸಸ್ಯಾಹಾರ ಅಂತ ಧೈರ್ಯವಾಗಿ ಹೇಳಬೇಡಿ. ಆ ಚೀಸು ಒಡೆಸಲು ಸಾಮಾನ್ಯವಾಗಿ ಬಳಸುವುದು ಕರುವಿನ ಹೊಟ್ಟೆಯ ರೆನೆಟ್. ಕಟ್ಟುನಿಟ್ಟಿನವರಿಗೆ ಅದು ನಡೆಯುವುದಿಲ್ಲ.

ಹುಬ್ಬಳ್ಳಿಯಿಂದ:
ಹಂಗಾದ್ರ ಹತ್ತು ದಿನ ಬ್ರೆಡ್ಡು, ಟೊಮೇಟೊ ತಿಂದು 200 ಕಿ.ಮೀ. ನಡೀಲೇನ್ರಿ ಪಾಪ ಆ ತಾಯಿ? ರೆನೆಟ್ ಹೆಸರು ಹೇಳಿ ಹೆದರಸಬ್ಯಾಡ್ರಿ. ತಿನ್ನೋದು ಬಿಡೋದು ಅವರಿಗೆ ಬಿಟ್ಟದ್ದು.

ಬೆಂಗಳೂರಿನಿಂದ:
ಚೀಲ, ಚೀಸು ಎರಡನ್ನೂ ಬಿಡಿ. ಅಮ್ಮನಿಗೆ ಬೇಕಾದ್ದು ಚರ್ಚು. ಲ ಪ್ಯುಯಿಯಲ್ಲಿ ಒಂದು ಪೂರ್ತಿ ದಿನ ಇರಲೇಬೇಕು. ಸ್ಯಾಂ-ಮಿಶೆಲ್ ದೆಗಿಲ್ ಹತ್ತಲು 268 ಮೆಟ್ಟಿಲು. ಮಂಡಿಗೆ ಕಷ್ಟವೇ, ಆದರೆ ಚೀಲವಿಲ್ಲದೆ ನಿಧಾನ ಹತ್ತಬಹುದು. ಜ್ವಾಲಾಮುಖಿಯ ಕಲ್ಲುಕಂಬದ ತುದಿಯ ಆ ಚಾಪೆಲ್‌ನ ಕೆಲಸ ಶುರುವಾದದ್ದು ಬಿಷಪ್ ಗೊದೆಸ್ಕಾಲ್ಕ್ ಕಾಲದಲ್ಲಿ. 950ರಲ್ಲಿ ಇಲ್ಲಿಂದ ಸ್ಯಾಂಟಿಯಾಗೊಗೆ ಹೊರಟವನೂ ಅವನೇ.

ಎಸ್ಪಾಲಿಯೋಂನಿಂದ ಎಸ್ತ್ಯಾಂಗೆ ಹೋಗುವ ದಿನ 12 ಕಿ.ಮೀ. ಮಾತ್ರ ಅಂತ ಓಡಬೇಡಿ. ಬೆಸ್ಸುವೆಜೋಲ್ ಚರ್ಚಿನ ಗೋಪುರದೊಳಗೆ ಕಿರಿದಾದ ಸುರುಳಿ ಮೆಟ್ಟಿಲಿದೆ, ಸವೆದು ನಡುವೆ ಗುಳಿ ಬಿದ್ದಿದೆ. ಒಂದು ಕೈ ಗೋಡೆಗೆ ಕೊಟ್ಟೇ ಹತ್ತಬೇಕು, ಟಾರ್ಚು ಬೇಕು. ಮೇಲೆ ಸಂತ ಮಿಶೆಲ್‌ನ ಪುಟ್ಟ ಗುಡಿ. ಕಲ್ಲಿನ ಬಲಿಪೀಠದ ಬದಿಗಳಲ್ಲಿ ಬುಟ್ಟಿ ಹೆಣೆದಂಥ ಕೆತ್ತನೆ. ದಾರಿಯಲ್ಲಿ ಹೋಗುವ ಎಷ್ಟೋ ಜನ ಕೆಳಗಿನ ಬಾಗಿಲು ನೋಡಿಯೇ ಹೊರಟುಬಿಡುತ್ತಾರೆ. ಅಲ್ಲಿಂದ ಮುಂದಿನ ಏರು ಕೆಸರಿನದು, ಅಮ್ಮನಿಗೆ ಎರಡು ಕೋಲು ಬೇಕೇ ಬೇಕು.

ಕಾಂಕ್‌ಗೆ ಮಧ್ಯಾಹ್ನದೊಳಗೆ ತಲುಪಿ. ತೀರ್ಪಿನ ದಿನದ ಕೆತ್ತನೆ ಅಲ್ಲಿನ ಚರ್ಚಿನ ಪಶ್ಚಿಮದ ಬಾಗಿಲಿನ ಮೇಲಿದೆ, ಇಳಿಹೊತ್ತಿನ ಬಿಸಿಲಿನಲ್ಲೇ ನೋಡಬೇಕು. 124 ಆಕೃತಿಗಳು, ಅಲ್ಲಲ್ಲಿ ಹಳೆಯ ಬಣ್ಣ ಇನ್ನೂ ಉಳಿದಿದೆ. ಚಿಕ್ಕ ದುರ್ಬೀನು ಇದ್ದರೆ ಎಡಗಡೆ ಕಮಾನಿನ ಕೆಳಗೆ ನೋಡಿ: ದೇವರ ಕೈ ಮೋಡದಿಂದ ಇಳಿದಿದೆ, ಅದರ ಕೆಳಗೆ ಆ ಚರ್ಚಿನ ಸಂತಳಾದ ಸಾಂತ್ ಫ್ವಾ ಬಾಗಿದ್ದಾಳೆ, ಅವಳ ಹಿಂದೆ ಬೇಡಿಗಳು ತೂಗುತ್ತಿವೆ. ಬಿಡುಗಡೆಯಾದ ಸೆರೆಯಾಳುಗಳು ತಂದು ಒಪ್ಪಿಸಿದ ಬೇಡಿಗಳವು. ಹೊರಗಿನ ಅಂಚಿನಲ್ಲಿ ಕಲ್ಲಿನ ಪಟ್ಟಿಯನ್ನು ಬೆರಳಿಂದ ಹಿಡಿದು ಇಣುಕುವ ಪುಟ್ಟ ಮುಖಗಳಿವೆ. ಅವು ಬರಿಗಣ್ಣಿಗೆ ತಪ್ಪಿಹೋಗುತ್ತವೆ.

ಮಂಗಳೂರಿನಿಂದ:
ಒಳಗಿನ ಕಿಟಕಿಗಳ ವಿಷಯ ಹೇಳದಿದ್ದದ್ದೇ ಒಳ್ಳೆಯದಾಯಿತು. ಬಣ್ಣದ ಗಾಜು ತೆಗೆದು ಓರೆ ಗೆರೆಗಳ ಆ ಬಿಳಿಚು ಗಾಜು ಹಾಕಿದ್ದಾರೆ. ಯಾತ್ರಿಕನಿಗೆ ಸಂತರ ಮುಖ ಬೇಕು, ಓರೆ ಗೆರೆಯಲ್ಲ.

ಬೆಂಗಳೂರಿನಿಂದ:
ತೆಗೆದ ಬಣ್ಣದ ಗಾಜು ಮಧ್ಯಯುಗದ್ದಲ್ಲ, ಇಪ್ಪತ್ತನೇ ಶತಮಾನದ್ದೇ. ಈಗಿನ 104 ಕಿಟಕಿಗಳು ಚಿತ್ರಕಾರ ಪಿಯೆರ್ ಸುಲಾಜ್ ಅವರ ಕೆಲಸ, 1994ರಲ್ಲಿ ಮುಗಿದದ್ದು. ಅವರು ಹುಟ್ಟಿದ್ದೇ ಪಕ್ಕದ ರೊಡೆಜ್‌ನಲ್ಲಿ. ಬಣ್ಣವಿಲ್ಲದ ಗಾಜು ಹಾಕಿದ್ದರಿಂದಲೇ ಒಳಗಿನ ಕಲ್ಲಿನ ಹಳದಿ, ಕೆಂಪು, ನೀಲಿ ಛಾಯೆ ಬೇರೆಬೇರೆಯಾಗಿ ಕಾಣುವುದು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಒಳಗೆ ಕೂತು ನೋಡಿದವರು ಹೀಗೆ ಬರೆಯುವುದಿಲ್ಲ.

ಮಂಗಳೂರಿನಿಂದ:
ರಾತ್ರಿಯ ಪ್ರಾರ್ಥನೆಗೂ ಕೂತಿದ್ದೇನೆ, ಆಮೇಲಿನ ಆಶೀರ್ವಾದಕ್ಕೂ. ನನಗೆ ಪಾಠ ಬೇಡ.

ಲಿಯಾನ್‌ನಿಂದ:
ಕೇಳಿದವರು ಕಿಟಕಿ ಕೇಳಿಲ್ಲ. ಮೈಸೂರಿನವರೇ, ವೀಸಾಕ್ಕೆ ಎಲ್ಲ ರಾತ್ರಿಗಳ ತಂಗುವ ಪುರಾವೆ ಬೇಕು, 30,000 ಯೂರೋ ಮಟ್ಟದ ವಿಮೆಯೂ ಬೇಕು. ಹಾಗಾಗಿ ಗೊತ್ತು ಮಾಡದೆ ನಡೆಯುವ ಮಾತು ನಿಮಗೆ ಹೇಗೂ ಇಲ್ಲ. ತಂಗುಮನೆಯವರಿಂದ ಇಬ್ಬರ ಹೆಸರು, ತಾರೀಖು ಇರುವ ಇಮೇಲ್ ತರಿಸಿಕೊಳ್ಳಿ. ಅಮ್ಮನ ಚೀಲ ವ್ಯಾನಿಗೆ, ನಿಮ್ಮದು ಬೆನ್ನಿಗೆ. ಓಮೋಂಗೆ ಹೋಗುವ 28 ಕಿ.ಮೀ.ಯನ್ನು ಸ್ಯಾಂ-ಆಲ್ಬಾಂನಲ್ಲಿ ಎರಡು ಭಾಗ ಮಾಡಿ, ಒಂದು ದಿನ ಹೆಚ್ಚಾಗುತ್ತದೆ. ಆ ದಿನವನ್ನು ಕಾಂಕ್‌ನದರಿಂದ ತೆಗೆಯಬೇಡಿ, ಎಸ್ತ್ಯಾಂನಿಂದ ಗೊಲಿನ್ಯಾಕ್‌ಗೆ ಗಾಡಿ ಮಾಡಿಕೊಂಡು ಅದೇ ದಿನ ಮುಂದಕ್ಕೆ ಹೊರಡಿ.

ಮೈಸೂರಿನಿಂದ:
ಎಲ್ಲರಿಗೂ ವಂದನೆ. ನಾಸ್ಬಿನಾಲ್‌ಗೆ ಇವತ್ತೇ ಬರೆಯುತ್ತೇನೆ. ದುರ್ಬೀನು ಎಷ್ಟು ಪಟ್ಟಿನದು ಬೇಕು?

ಬೆಂಗಳೂರಿನಿಂದ:
8 ಪಟ್ಟು ಸಾಕು. ಅದಕ್ಕಿಂತ ಹೆಚ್ಚಾದರೆ ಕೈ ನಡುಗಿ ಮುಖ ನಿಲ್ಲುವುದಿಲ್ಲ.