ಪದಚರ್ಚೆ: ಒಣಗಿಸಿದ ಮೇಲಿನ ‘ಕ್ಯೂರಿಂಗ್’ ಹಂತಕ್ಕೆ ಹದಗೊಳಿಸುವುದೋ, ಮಾಗಿಸುವುದೋ?

ಮಾನ್ಯರೇ,

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ನೆಲೆಸಿರುವ ಕನ್ನಡಿಗರಿಗಾಗಿ, ಮನೆಯಲ್ಲಿ ಬೆಳೆದ ಗಾಂಜಾವನ್ನು ಕೊಯ್ದ ಮೇಲೆ ಕೆಡದಂತೆ ಒಣಗಿಸಿ ಕಾಪಿಡುವ ಬಗೆಯನ್ನು ವಿವರಿಸುವ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅಲ್ಲಿ 2018ರ ಅಕ್ಟೋಬರ್ 17ರಿಂದ ಜಾರಿಯಲ್ಲಿರುವ ಕಾನೂನಿನಂತೆ ವಯಸ್ಕರು ಮನೆಯೊಂದಕ್ಕೆ ನಾಲ್ಕು ಗಿಡಗಳವರೆಗೆ ಬೆಳೆಯಬಹುದು. ಭಾರತದಲ್ಲಿ 1985ರ ಎನ್‌ಡಿಪಿಎಸ್ (ಮಾದಕದ್ರವ್ಯಗಳ ನಿಯಂತ್ರಣದ) ಕಾಯಿದೆಯು ಇದನ್ನು ಅಪರಾಧವೆಂದು ಪರಿಗಣಿಸುವುದರಿಂದ ಬರಹದ ಮೊದಲ ಸಾಲಿನಲ್ಲೇ ಆ ಮಾತನ್ನು ಹೇಳಿದ್ದೇನೆ. ನನ್ನ ತೊಡಕು ಕಾನೂನಿನದಲ್ಲ, ಒಂದು ಕ್ರಿಯಾಪದದ್ದು. ಒಣಗಿಸುವ ಕೆಲಸ ಮುಗಿದ ಮೇಲೆ ಬೆಳೆಗಾರರು ಮಾಡುವ, ಇಂಗ್ಲಿಷಿನಲ್ಲಿ ಕ್ಯೂರಿಂಗ್ ಎನ್ನಿಸಿಕೊಳ್ಳುವ ಎರಡನೆಯ ಹಂತವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು ಎಂಬುದು ಪ್ರಶ್ನೆ.

ಮೊದಲಿಗೆ, ಯಾವ ಪದ ಕೂಡದು ಎಂಬುದನ್ನು ಹೇಳಿಬಿಡುತ್ತೇನೆ. ಇಂಗ್ಲಿಷಿನ ‘ಕ್ಯೂರ್’ಗೆ ರೋಗ ವಾಸಿಮಾಡುವುದೆಂಬ ಅರ್ಥವೂ ಇರುವುದರಿಂದ, ಈ ಹಂತದ ಇಂಗ್ಲಿಷ್ ವಾಕ್ಯಗಳನ್ನು ಯಂತ್ರಾನುವಾದಕ್ಕೆ ಕೊಟ್ಟರೆ ‘ಗಾಂಜಾವನ್ನು ಗುಣಪಡಿಸುವುದು’ ಎಂಬಂಥ ಕನ್ನಡ ಬರುತ್ತದೆ. ಇದು ಕೇವಲ ವಿಚಿತ್ರವಾಗಿ ಕೇಳಿಸುವ ಮಾತಾಗಿದ್ದರೆ ಅಲಕ್ಷಿಸಬಹುದಿತ್ತು. ಆದರೆ ಕೆನಡಾದಲ್ಲಿ ವೈದ್ಯರ ಅನುಮತಿಯ ಮೇಲೆ ಈ ಗಿಡವನ್ನು ನೋವು, ವಾಕರಿಕೆಗಳಿಗಾಗಿ ಬಳಸುವವರು 2001ರಿಂದಲೂ ಇದ್ದಾರೆ. ಅಂಥ ಓದುಗರ ಮುಂದೆ ‘ಗುಣ’ ಎಂಬ ಮಾತು ಬಂದರೆ, ಅದು ಗಿಡಕ್ಕೆ ಮಾಡುವ ಕೆಲಸವೋ ಗಿಡದಿಂದ ಆಗುವ ಚಿಕಿತ್ಸೆಯೋ ಎಂದು ಗೊಂದಲವಾಗುತ್ತದೆ. ಆದ್ದರಿಂದ ಇಲ್ಲಿ ಬಳಸುವ ಪದದ ಸುತ್ತ ರೋಗದ ನೆರಳೂ ಸುಳಿಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪದವನ್ನು ಆರಿಸುವ ಮೊದಲು ಕೆಲಸವನ್ನು ನೋಡಬೇಕು. ಹಸಿ ಹೂಗೊಂಚಲಿನಲ್ಲಿ ತೂಕದ ಮುಕ್ಕಾಲು ಪಾಲಿಗೂ ಹೆಚ್ಚು ನೀರಿರುತ್ತದೆ. ಕೊಯ್ದ ಕೊಂಬೆಗಳನ್ನು ಕತ್ತಲೆಯ ಕೋಣೆಯಲ್ಲಿ ತಲೆಕೆಳಗಾಗಿ ನೇತುಹಾಕಿ, 15ರಿಂದ 21 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಗಾಳಿಯ ಆರ್ದ್ರತೆ ಶೇ. 55ರಿಂದ 60ರ ಆಸುಪಾಸಿನಲ್ಲಿರುವಂತೆ ನೋಡಿಕೊಂಡು, ನೇರವಾಗಿ ಗಾಳಿ ಬಡಿಯದಂತೆ ಒಂದರಿಂದ ಎರಡು ವಾರ ಬಿಡುತ್ತಾರೆ. ಸಣ್ಣ ಕಡ್ಡಿ ಬಾಗುವ ಬದಲು ಲಟಕ್ಕನೆ ಮುರಿದರೆ ಒಣಗಿತೆಂದು ಲೆಕ್ಕ. ಅನಂತರ ಹೂಗಳನ್ನು ಗಾಜಿನ ಭರಣಿಗಳಲ್ಲಿ ಮುಕ್ಕಾಲು ಭಾಗ ತುಂಬಿ, ಬಿಗಿಯಾಗಿ ಮುಚ್ಚಿ, ತಂಪಾದ ಕತ್ತಲೆಯಲ್ಲಿ ಇಡುತ್ತಾರೆ. ಮೊದಲ ವಾರ ದಿನಕ್ಕೆ ಒಂದೆರಡು ಬಾರಿ ಮುಚ್ಚಳ ತೆಗೆದು ಗಾಳಿಯಾಡಿಸಿ, ಬರಬರುತ್ತ ಅದನ್ನು ವಾರಕ್ಕೊಮ್ಮೆಗೆ ಇಳಿಸುತ್ತಾರೆ. ಎರಡರಿಂದ ಎಂಟು ವಾರ ನಡೆಯುವ ಈ ಹಂತವೇ ಕ್ಯೂರಿಂಗ್.

ಈ ಎರಡನೆಯ ಹಂತದಲ್ಲಿ ನಡೆಯುವುದು ಬರಿಯ ಒಣಗುವಿಕೆಯಲ್ಲ. ಭರಣಿ ಮುಚ್ಚಿದ ಮೊದಲ ದಿನ ಹೊರಗಿನಿಂದ ಗರಿಗರಿಯಾಗಿದ್ದ ಹೂ ಮರುದಿನ ಮತ್ತೆ ಮೆತ್ತಗಾಗಿರುತ್ತದೆ. ಕಡ್ಡಿಯ ಒಳಗೆ ಉಳಿದಿದ್ದ ತೇವ ಹೊರಪದರಕ್ಕೆ ಬಂದು ಎಲ್ಲೆಡೆ ಸಮನಾಗಿ ಹಂಚಿಕೊಂಡಿರುತ್ತದೆ. ಎಲೆಹಸಿರು ನಿಧಾನವಾಗಿ ಒಡೆಯುವುದರಿಂದ ಹಸಿ ಹುಲ್ಲಿನ ವಾಸನೆ ಮತ್ತು ಗಂಟಲು ಕೆರೆಯುವ ಗುಣ ತಗ್ಗುತ್ತವೆ. ಟರ್ಪೀನ್‌ಗಳೆಂಬ, ಬೇಗ ಆವಿಯಾಗುವ ಪರಿಮಳದ್ರವ್ಯಗಳು ಉಳಿಯುವುದಕ್ಕೆ ಈ ನಿಧಾನವೇ ಕಾರಣ. ಬಿಸಿಲಿನಲ್ಲೋ ಒಲೆಯ ಶಾಖದಲ್ಲೋ ಆತುರದಿಂದ ಒಣಗಿಸಿದರೆ ಅವು ಹಾರಿಹೋಗುತ್ತವೆ. ಬೆಳಕು ಮತ್ತು ಆಮ್ಲಜನಕಗಳು ಅಮಲು ತರುವ ಮುಖ್ಯ ಸಂಯುಕ್ತವಾದ ಟಿಎಚ್‌ಸಿಯನ್ನು ಕ್ಯಾನಬಿನಾಲ್ ಎಂಬ ಬೇರೊಂದು ಸಂಯುಕ್ತವಾಗಿ ಬದಲಿಸುವುದರಿಂದ ಕತ್ತಲೆ ಮತ್ತು ಮುಚ್ಚಳ ಎರಡೂ ಬೇಕಾಗುತ್ತವೆ. ಹೀಗೆ ಕಾಲವೇ ಕೆಲಸ ಮಾಡುವ ಹಂತಕ್ಕೆ ನಾವು ಪದ ಹುಡುಕಬೇಕಾಗಿದೆ.

ಮೊದಲ ಹಂತಕ್ಕೆ ಕನ್ನಡದಲ್ಲಿ ಪದಗಳ ಕೊರತೆಯಿಲ್ಲ. ಬಾಡುವುದು, ಆರುವುದು, ಒಣಗುವುದು, ಬತ್ತುವುದು ಒಂದೇ ಅಲ್ಲ. ಒಗೆದ ಬಟ್ಟೆಯನ್ನು ಆರಹಾಕುತ್ತೇವೆ, ಮೆಣಸಿನಕಾಯಿಯನ್ನು ಒಣಗಿಸುತ್ತೇವೆ, ಕೆರೆ ಬತ್ತುತ್ತದೆ. ನಾಟಿವೈದ್ಯದ ಬರಹಗಳಲ್ಲಿ ‘ನೆರಳಿನಲ್ಲಿ ಒಣಗಿಸಿ’ ಎಂಬ ಸೂಚನೆ ಹೆಜ್ಜೆಹೆಜ್ಜೆಗೂ ಬರುತ್ತದೆ. ಇಲ್ಲಿಗೆ ಅದು ಚೆನ್ನಾಗಿ ಒಪ್ಪುತ್ತದೆ.

ಎರಡನೆಯ ಹಂತಕ್ಕೆ ಬಂದರೆ, ಕ್ಯೂರಿಂಗ್ ಎಂಬ ಒಂದೇ ಇಂಗ್ಲಿಷ್ ಮಾತು ನಮ್ಮ ಕಸುಬುಗಳಲ್ಲಿ ಎಷ್ಟು ಬಗೆಯ ಕೆಲಸಗಳನ್ನು ಹೊದ್ದುಕೊಂಡಿದೆ ಎಂಬುದನ್ನು ಗಮನಿಸಬೇಕು. ಹುಣಸೂರು, ಪಿರಿಯಾಪಟ್ಟಣಗಳ ರೈತರು ಸೊಪ್ಪು ಒಣಗಿಸುವ ಕೋಣೆಗಳಾದ ಬ್ಯಾರನ್‌ಗಳಲ್ಲಿ ಹೊಗೆಸೊಪ್ಪನ್ನು ‘ಬೇಯಿಸುತ್ತಾರೆ’. ಸೊಪ್ಪನ್ನು ಮೊದಲು ಹದವಾದ ಶಾಖದಲ್ಲಿ ಹಳದಿಗೆ ತಿರುಗಿಸಿ, ಆಮೇಲೆ ಶಾಖವನ್ನು 70 ಡಿಗ್ರಿಯ ಹತ್ತಿರಕ್ಕೆ ಏರಿಸಿ ನಡುದಂಟಿನವರೆಗೆ ಒಣಗಿಸುವ ಈ ಕೆಲಸವನ್ನೇ ಪತ್ರಿಕೆಗಳು ‘ಹದಗೊಳಿಸುವುದು’ ಎಂದು ಬರೆಯುತ್ತವೆ. ನೀರು ಒಂದು ಹನಿಯೂ ಇಲ್ಲದಿದ್ದರೂ ‘ಬೇಯಿಸು’ ಎಂಬ ಮಾತು ಅಲ್ಲಿ ನೆಲೆಯೂರಿದೆ. ಅರಿಶಿನವನ್ನು ನಿಜವಾಗಿಯೇ ನೀರಿನಲ್ಲಿ ಬೇಯಿಸುತ್ತಾರೆ. ಮಲೆನಾಡಿನಲ್ಲಿ ಎಳೆಯ ಅಡಿಕೆಯನ್ನು ಸುಲಿದು ಚೊಗರಿನಲ್ಲಿ, ಅಂದರೆ ಹಿಂದೆ ಅಡಿಕೆ ಬೇಯಿಸಿ ಉಳಿದ ಒಗರು ರಸದಲ್ಲಿ, ಬೇಯಿಸುತ್ತಾರೆ. ಚಿಕ್ಕಮಗಳೂರು, ಹಾಸನಗಳ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ನಡೆಯುವುದು ಒಣಗಿದ ಕಾಫಿಯ ಸಿಪ್ಪೆ ತೆಗೆದು, ಗಾತ್ರಕ್ಕೆ ತಕ್ಕಂತೆ ವಿಂಗಡಿಸುವ ಕೆಲಸ. ಕಾಂಕ್ರೀಟಿನ ಕ್ಯೂರಿಂಗ್ ಎಂದರೆ ತದ್ವಿರುದ್ಧವಾಗಿ ನೀರು ಹಾಕಿ ಒದ್ದೆಯಾಗಿ ಇಡುವುದು. ಆದ್ದರಿಂದ ‘ಕ್ಯೂರಿಂಗ್’ ಎಂದೇ ಬರೆದುಬಿಡೋಣ ಎಂಬ ಸಲಹೆ ಬಂದರೆ ಅದರಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ. ಅವರವರ ಊರಿನ ಕಸುಬಿಗೆ ತಕ್ಕಂತೆ ಒಂದೊಂದು ಅರ್ಥ ಹೊಳೆಯುತ್ತದೆ.

ನಮ್ಮ ಪ್ರಕ್ರಿಯೆಗೆ ಅತ್ಯಂತ ಹತ್ತಿರದ್ದು ವೆನಿಲ್ಲಾ. ಈ ಶತಮಾನದ ಆರಂಭದಲ್ಲಿ ಮಲೆನಾಡು, ಕೊಡಗು, ಕರಾವಳಿಯ ಅನೇಕ ತೋಟಗಳಿಗೆ ವೆನಿಲ್ಲಾ ಬಂದು, ಕೆಲವೇ ವರ್ಷಗಳಲ್ಲಿ ಬೆಲೆ ಕುಸಿದು ಹಿಂದೆ ಸರಿಯಿತು. ಕೋಡುಗಳನ್ನು ಸುಮಾರು 65 ಡಿಗ್ರಿಯ ಬಿಸಿನೀರಿನಲ್ಲಿ ಮೂರು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ಬಿಸಿಲಿನಲ್ಲಿಯೂ ನೆರಳಿನಲ್ಲಿಯೂ ಒಣಗಿಸಿ, ಕೊನೆಗೆ ಮುಚ್ಚಿದ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಡುತ್ತಿದ್ದರು. ಪರಿಮಳ ತುಂಬಿಕೊಳ್ಳುವುದು ಆ ಪೆಟ್ಟಿಗೆಯಲ್ಲಿ. ಇಷ್ಟೆಲ್ಲವನ್ನೂ ಒಟ್ಟುಸೇರಿಸಿ ಕೃಷಿ ಬರಹಗಳು ‘ಸಂಸ್ಕರಣೆ’ ಎಂದವು. ಆ ಪದ ತಪ್ಪಲ್ಲ, ಆದರೆ ಭತ್ತದಿಂದ ಹಾಲಿನವರೆಗೆ, ತ್ಯಾಜ್ಯದವರೆಗೆ ಎಲ್ಲಕ್ಕೂ ಸಲ್ಲುವಷ್ಟು ಅಗಲವಾಗಿದೆ. ಎಲ್ಲ ಹಂತಗಳಿಗೂ ಸಲ್ಲುವ ಹೆಸರು ಕೊನೆಯ ಹಂತವನ್ನು ಮಾತ್ರ ಬೇರೆಯಾಗಿ ತೋರಿಸಲಾರದು.

ಉಳಿದವು ಎರಡು: ಹದ ಮತ್ತು ಮಾಗು. ‘ಹದ’ ಹಳಗನ್ನಡದ ‘ಪದ’ದಿಂದ ಬಂದ ಅಚ್ಚ ದ್ರಾವಿಡ ಮಾತು, ಪದ್ಯದ ‘ಪದ’ಕ್ಕೂ ಇದಕ್ಕೂ ಸಂಬಂಧವಿಲ್ಲ. ಸರಿಯಾದ ಸ್ಥಿತಿ ಎಂಬುದು ಇದರ ಹುರುಳು. ಮಳೆ ಬಿದ್ದ ಮೇಲೆ ಹೊಲ ಹದಕ್ಕೆ ಬರುತ್ತದೆ, ಚರ್ಮವನ್ನು ಹದ ಮಾಡುತ್ತಾರೆ, ಬೆಲ್ಲದ ಪಾಕಕ್ಕೆ ಹದವಿದೆ. ಈ ಬಳಕೆಗಳಲ್ಲಿ ಎಷ್ಟೋ ಕಡೆ ಹದವೆಂದರೆ ತೇವದ ಸರಿಪ್ರಮಾಣ, ಮತ್ತು ಅದು ಕ್ಷಣವನ್ನು ಸೂಚಿಸುವ ಮಾತು: ಹದ ಬರುತ್ತದೆ, ಹದ ತಪ್ಪುತ್ತದೆ. ‘ಮಾಗು’ ಹಾಗಲ್ಲ. ಅದು ಒಳಗಿನಿಂದ, ಕಾಲದ ಜೊತೆಗೆ, ಹಿಂದಿರುಗದಂತೆ ಆಗುವ ಬದಲಾವಣೆ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕಿ ಮಾಗಿಸುತ್ತೇವೆ. ಅದನ್ನು ಹದ ಮಾಡಿದೆವು ಎನ್ನುವುದಿಲ್ಲ. (ಮಾಗಿಯ ಚಳಿ, ಮಾಗಿ ಉಳುಮೆಗಳಲ್ಲಿರುವ ‘ಮಾಗಿ’ ಮಾಘ ಮಾಸದಿಂದ ಬಂದದ್ದು, ಅದು ಬೇರೆ.)

ಆದುದರಿಂದ ನನ್ನ ಪ್ರಸ್ತಾವ ಹೀಗಿದೆ: ಒಣಗಿಸುವಿಕೆಯನ್ನು ಎಲ್ಲಿ ನಿಲ್ಲಿಸಬೇಕೋ ಆ ಬಿಂದುವಿಗೆ ‘ಹದ’ ಎನ್ನೋಣ, ಭರಣಿಯೊಳಗಿನ ವಾರಗಳಿಗೆ ‘ಮಾಗಿಸುವುದು’ ಎನ್ನೋಣ. ಆಗ ‘ಹೂ ಹದಕ್ಕೆ ಬಂದ ಮೇಲೆ ಭರಣಿಗೆ ತುಂಬಿ ಮಾಗಿಸಬೇಕು’ ಎಂಬ ವಾಕ್ಯದಲ್ಲಿ ಎರಡೂ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಒಂದು ಆಕ್ಷೇಪವನ್ನು ನಾನೇ ಎತ್ತುತ್ತೇನೆ. ಮಾಗುವುದು ಹಸಿಯಾದ, ಜೀವವಿರುವ ಹಣ್ಣಿಗೆ ಸಲ್ಲುವ ಮಾತು, ಕೊಯ್ದು ಒಣಗಿಸಿದ ವಸ್ತುವಿಗೆ ಅದು ಹೇಗೆ ಒಪ್ಪೀತು ಎಂದು ಕೇಳಬಹುದು. ಒಣಗಿದ ವಸ್ತು ಇಟ್ಟಷ್ಟು ಕಾಲ ಉತ್ತಮಗೊಳ್ಳುವುದನ್ನು ನಮ್ಮಲ್ಲಿ ‘ಹಳೆ’ ಎಂಬ ವಿಶೇಷಣದಿಂದ ಹೇಳುವುದೇ ರೂಢಿ: ಹಳೆ ಅಕ್ಕಿ, ಹಳೆ ಹುಣಸೆ, ಕರಾವಳಿಯ ಮಾರುಕಟ್ಟೆಯಲ್ಲಿ ಚಾಲಿಗೂ (ಬಿಸಿಲಿನಲ್ಲಿ ಒಣಗಿಸಿದ ಅಡಿಕೆಗೂ) ಹೊಸ ಅಡಿಕೆ, ಹಳೆ ಅಡಿಕೆ ಎಂದು ಬೇರೆ ಬೇರೆ ಧಾರಣೆ. ಆದರೆ ಅದು ಸ್ಥಿತಿಯ ಹೆಸರು, ಕೆಲಸದ ಹೆಸರಲ್ಲ. ‘ಹಳೆಯದಾಗಿಸು’ ಎಂದರೆ ಹಾಳುಮಾಡಿದಂತೆ ಕೇಳಿಸುತ್ತದೆ. ಮಾಗಿದ ಅನುಭವ, ಮಾಗಿದ ಬರವಣಿಗೆ ಎಂದು ಆ ಕ್ರಿಯಾಪದ ಈಗಾಗಲೇ ಹಣ್ಣಿನಿಂದ ಹೊರಗೆ ಬಂದಿರುವಾಗ ಒಣಹೂವಿಗೆ ಅದನ್ನು ಹೊಂದಿಸುವುದರಲ್ಲಿ ನನಗೆ ಬಲವಂತ ಕಾಣುವುದಿಲ್ಲ.

ಕೆಡುವುದನ್ನು ಹೇಳುವ ಪದಗಳನ್ನು ಇನ್ನೂ ಹೆಚ್ಚಿನ ಎಚ್ಚರದಿಂದ ಆಯಬೇಕು, ಏಕೆಂದರೆ ಓದುಗರ ಆರೋಗ್ಯ ಅವುಗಳ ಮೇಲೆ ನಿಂತಿದೆ. ತೇವ ಹೆಚ್ಚಾಗಿದ್ದಾಗ ಭರಣಿ ತುಂಬಿದರೆ ಮೊದಲು ಅಮೋನಿಯದ ಘಾಟು, ಅನಂತರ ಬೂಷ್ಟು ಬರುತ್ತದೆ. ಆಸ್ಪರ್ಜಿಲಸ್ ಎಂಬ ಬೂಷ್ಟಿನ ಕಣಗಳು ಹೊಗೆಯ ಜೊತೆ ಶ್ವಾಸಕೋಶಕ್ಕೆ ಹೋದರೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಗಂಭೀರವಾದ ಸೋಂಕು ತಗಲಬಹುದು. ಬಿಸಿಲಿಗೆ ಹಾಕಿ ಕೊಡವಿದರೆ ಅದು ಸರಿಹೋಗುವುದಿಲ್ಲ, ಎಸೆಯಲೇಬೇಕು. ಕಣ್ಣಿಗೆ ಬೂಷ್ಟು ಕಾಣುವ ಮೊದಲೇ ಮೂಗಿಗೆ ತಿಳಿಯುವ ಸ್ಥಿತಿಗೆ ಕನ್ನಡದಲ್ಲಿ ‘ಮುಗ್ಗು’ ಎಂಬ ಅಪೂರ್ವವಾದ ಮಾತಿದೆ. ಮುಗ್ಗಿದ ಅಕ್ಕಿ, ಮುಗ್ಗಲು ವಾಸನೆ ಎಂದರೆ ಯಾರಿಗೂ ವಿವರಿಸಬೇಕಾಗಿಲ್ಲ. ‘ಮುಗ್ಗಲು ವಾಸನೆ ಬಂದ ಭರಣಿಯನ್ನು ಬಳಸಬೇಡಿ’ ಎಂದು ಬರೆದಿದ್ದೇನೆ. ವಿದೇಶದಲ್ಲಿ ಬೆಳೆದ ಕನ್ನಡದ ಮಕ್ಕಳಿಗೂ ಈ ಪದ ತಿಳಿದೀತೇ ಎಂಬುದನ್ನು ಅಲ್ಲಿರುವ ಸದಸ್ಯರು ಹೇಳಬೇಕು.

ಇನ್ನೊಂದು ಸಣ್ಣ ವಿಷಯ. ಇಂಗ್ಲಿಷಿನ ‘ಬಡ್’ ಅನ್ನು ‘ಮೊಗ್ಗು’ ಎಂದು ಬರೆಯುವುದು ಸರಿಯಲ್ಲ; ಅದು ಅರಳದ ಹೂವಲ್ಲ, ಹೆಣ್ಣುಗಿಡದ ತುದಿಯ ಹೂಗೊಂಚಲು. ನಮ್ಮ ಪತ್ರಿಕೆಗಳ ‘ಗಾಂಜಾ ಸೊಪ್ಪು’ ಕೂಡ ಇಲ್ಲಿ ಹೊಂದದು. ಎನ್‌ಡಿಪಿಎಸ್ ಕಾಯಿದೆಯ ವ್ಯಾಖ್ಯೆಯಲ್ಲೇ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿಗಳಿಲ್ಲದ ಬರಿ ಎಲೆ, ಬೀಜಗಳು ಅದರಲ್ಲಿ ಸೇರುವುದಿಲ್ಲ.

ಸದಸ್ಯರಲ್ಲಿ ನನ್ನ ಕೋರಿಕೆಗಳು ಇವು. ಹುಣಸೂರು ಕಡೆಯವರು, ಬ್ಯಾರನ್‌ನಿಂದ ಇಳಿಸಿದ ಸೊಪ್ಪು ಪುಡಿಯಾಗದಂತೆ ಮತ್ತೆ ತೇವ ಹೀರಲು ಬಿಟ್ಟು, ಆಮೇಲೆ ಒಟ್ಟಿ ಇಡುವ ಕೆಲಸಕ್ಕೆ ಮನೆಮಾತಿನಲ್ಲಿ ಏನನ್ನುತ್ತಾರೆ ಎಂದು ದಯವಿಟ್ಟು ತಿಳಿಸಬೇಕು. ನಿಪ್ಪಾಣಿಯ ಬೀಡಿ ತಂಬಾಕಿನವರಲ್ಲಿ ಅದಕ್ಕೆ ಬೇರೆ ಮಾತಿದ್ದರೆ ಅದನ್ನೂ ಬರೆಯಬೇಕು. ಅಲ್ಲಿ ಸಿದ್ಧಪದವೊಂದು ಸಿಕ್ಕರೆ ನನ್ನ ‘ಮಾಗಿಸು’ವನ್ನು ಕೈಬಿಡಲು ಸಿದ್ಧನಿದ್ದೇನೆ. ಸಿಗದಿದ್ದರೆ ನಾಮಪದದ ರೂಪ ‘ಮಾಗಿಸುವಿಕೆ’ ಎಂದಿರಲೋ, ‘ಮಾಗಿಕೆ’ ಎಂದು ಚಿಕ್ಕದಾಗಿಸಬಹುದೋ ಎಂಬುದರ ಬಗ್ಗೆ ವ್ಯಾಕರಣ ಬಲ್ಲವರ ಅಭಿಪ್ರಾಯ ಬೇಕು. ಭರಣಿಯ ಮೇಲೆ ಅಂಟಿಸುವ ಚೀಟಿಯಲ್ಲಿ ಕೊಯ್ದ ದಿನ, ಭರಣಿಗೆ ತುಂಬಿದ ದಿನಗಳ ಕೆಳಗೆ ಈ ಪದವೂ ಬರಬೇಕಾಗಿರುವುದರಿಂದ ಚಿಕ್ಕ ರೂಪವಾದರೆ ಅನುಕೂಲ.