ಪದಚರ್ಚೆ: ಸನ್ಮಾನಪತ್ರದಲ್ಲಿ ‘ಸೈಟೇಶನ್’ಗೆ ಏನು ಬರೆಯೋದು? (ತುರ್ತು)

ರಾಯಚೂರಿನಿಂದ:
ಎಲ್ಲರಿಗೂ ನಮಸ್ಕಾರ. ಹತ್ತಿ ತಳಿವಿಜ್ಞಾನದಾಗ ಕೆಲಸ ಮಾಡಿ ನಿವೃತ್ತರಾಗ್ತಿರೋ ನಮ್ಮ ಸರ್ ಒಬ್ಬರಿಗೆ ನಾಳೆ ಸನ್ಮಾನ. ಪ್ರೆಸ್ಸಿನವರು ಸಂಜಿ ಐದಕ್ಕ ಮ್ಯಾಟರ್ ಕೇಳ್ಯಾರ. ಬರೆಯಬೇಕಾದ್ದು: ಪಬ್ಲಿಕೇಶನ್ 64, ಸೈಟೇಶನ್ (ಬೇರೆ ಸಂಶೋಧಕರು ತಮ್ಮ ಲೇಖನದಾಗ ಸರ್ ಲೇಖನ ಹೆಸರಿಸಿದ್ದು) 1,150, ಎಚ್-ಇಂಡೆಕ್ಸ್ 18. ‘ಪ್ರಕಟಣೆಗಳು 64’ ಅಂದ್ರ ಕಚೇರಿ ನೋಟಿಸ್ ಹೊರಡಿಸಿದಂಗ ಕಾಣ್ತದ. ‘ಪ್ರಬಂಧ’ ಅಂದ್ರ ಮಂದಿ ಪಿಎಚ್‌.ಡಿ. ಅಂದ್ಕೋತಾರ. ‘ಉಲ್ಲೇಖ 1,150’ ಅಂದ್ರ ಇವರು ಬೇರೆಯವರನ್ನ ಉಲ್ಲೇಖಿಸಿದ್ದೋ, ಬೇರೆಯವರು ಇವರನ್ನೋ?

ಬಳ್ಳಾರಿಯಿಂದ:
ಸೈಟೇಶನ್ನಿಗೆ ‘ಬಿನ್ನವತ್ತಳೆ’ ಇದೆಯಲ್ಲ! ‘ವಿಜ್ಞಾಪನೆ’ ಸವೆದು ‘ಬಿನ್ನಪ’ವಾದ ದಾರಿಯಲ್ಲೇ ಬಂದ ಪದ. ಇಂಥದ್ದು ಕೈಯಲ್ಲಿರುವಾಗ ಹುಡುಕಾಟ ಏಕೆ?

ಕೊಪ್ಪಳದಿಂದ:
ಗುರುಗಳೇ, ಬಿನ್ನವತ್ತಳೆ ಸೈಟೇಶನ್ನಿನ ಇನ್ನೊಂದು ಅರ್ಥಕ್ಕೆ, ಅಂದರೆ ನಾಳೆ ಸಭೆಯಲ್ಲಿ ಓದಲಿರುವ ಸನ್ಮಾನಪತ್ರಕ್ಕೆ. ಸರ್‌ಗೆ 1,150 ಬಿನ್ನವತ್ತಳೆ ಬಂದಿವೆ ಅಂತ ಅಚ್ಚು ಹಾಕಿಸೋಣವೇ? ಉಲ್ಲೇಖವೂ ಬೇಡ. ಉತ್ ಮತ್ತು ಲೇಖ ಸೇರಿದ್ದು, ಮೂಲದಲ್ಲಿ ಗೀರುವುದು. ಉಲ್ಲೇಖಾಲಂಕಾರದಲ್ಲಂತೂ ಒಂದೇ ವಸ್ತು ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ಕಾಣುತ್ತದೆ. ಎಣಿಕೆಗೆ ಅದು ಒಗ್ಗದು. ‘ಹೆಸರಿಸು’ ನಮ್ಮದೇ. ‘ಹೆಸರಿಕೆ’ ಎನ್ನಿ.

ಬಳ್ಳಾರಿಯಿಂದ:
ಹೆಸರಿಕೆ ಯಾರ ಬಾಯಲ್ಲಿದೆ? ನಿಮ್ಮದೊಂದು ಬಾಯಿ ಬಿಟ್ಟು ಹೇಳಿ.

ರಾಯಚೂರಿನಿಂದ, ಇನ್ನೊಬ್ಬರು:
ನಾನೂ ತಳಿವಿಜ್ಞಾನದವ. ಪದ ಕಟ್ಟೋಕಿಂತ ಮೊದಲು ಲೆಕ್ಕ ತಿಳ್ಕೊಳ್ರಿ. ಎಚ್-ಇಂಡೆಕ್ಸ್ 18 ಅಂದ್ರ ಕನಿಷ್ಠ 18 ಸಲ ಉಲ್ಲೇಖ ಆದ ಲೇಖನ 18 ಅದಾವ ಅಂತ. ಭೌತವಿಜ್ಞಾನಿ ಹಿರ್ಷ್ 2005ರಾಗ ಕೊಟ್ಟ ಅಳತಿ ಅದು. ‘ಎಚ್’ ಹಂಗೇ ಇರ್ಲಿ. ಇಂಪ್ಯಾಕ್ಟ್ ಫ್ಯಾಕ್ಟರ್ ಇದರಾಗ ತರಬ್ಯಾಡ್ರಿ, ಅದು ಒಂದು ಜರ್ನಲ್ಲಿನ ಲೇಖನಗಳು ಸರಾಸರಿ ಎಷ್ಟು ಸಲ ಉಲ್ಲೇಖ ಆಗ್ತಾವ ಅನ್ನೋ ಅಳತಿ, ಮನುಷ್ಯಾಂದಲ್ಲ. ಈ ಎಣಿಕಿಗೂ ನಮಗೂ ಹಳೇ ನಂಟದ. 1963ರಾಗ ಗಾರ್ಫೀಲ್ಡ್ ಅನ್ನೋರು ತಮ್ಮ ಸೈಟೇಶನ್ ಸೂಚಿಯನ್ನ (ಯಾವ ಲೇಖನವನ್ನ ಯಾರು ಉಲ್ಲೇಖಿಸ್ಯಾರ ಅನ್ನೋ ಪಟ್ಟಿ) ಪ್ರಯೋಗಕ್ಕ ಇಟ್ಟಿದ್ದು ತಳಿವಿಜ್ಞಾನದ ಮ್ಯಾಲೇ.

ಆದ್ರ ತಳಿವಿಜ್ಞಾನಕ್ಕ ಬುನಾದಿ ಹಾಕಿದ ಮೆಂಡೆಲ್ 1866ರಾಗ ಅಚ್ಚು ಹಾಕಿಸಿದ ಬಟಾಣಿ ಲೇಖನವನ್ನ 1900ರ ತನಕ ಕೇಳಿದವರು ಬೆರಳೆಣಿಕೆ. ಪುಣ್ಯಾತ್ಮ 1884ಕ್ಕೇ ತೀರಿಹೋಗಿದ್ದ. ಅವನಿಗೆ ಸನ್ಮಾನ ಇಟ್ಕೊಂಡಿದ್ರ ಎಚ್-ಇಂಡೆಕ್ಸ್ ಎಷ್ಟಂತ ಬರೀತಿದ್ರಿ? ನಮ್ಮ ಸರ್ ತಳಿ ಎಷ್ಟು ಎಕರೆ ಬಿತ್ಯಾರ ಅನ್ನೋದೂ ಈ 1,150ರಾಗ ಬರಂಗಿಲ್ಲ. ಅದನ್ನ ಮೊದಲ ಸಾಲಿಗೆ ಹಾಕ್ರಿ.

ಕೊಪ್ಪಳದಿಂದ:
ಇದು ಪದಚರ್ಚೆ. ‘ಸೂಚ್ಯಂಕ’ ಸಂಸ್ಕೃತ, ‘ದಾಖಲೆ’ ಪಾರಸಿ ಕಡೆಯದು, ‘ಇಂಡೆಕ್ಸ್’ ಇಂಗ್ಲಿಷು. ಕನ್ನಡಕ್ಕೆ ಉಳಿದದ್ದೇನು?

ಬಳ್ಳಾರಿಯಿಂದ:
ವಿಭಕ್ತಿ. ಸಾಲದೇ?

ರಾಯಚೂರಿನಿಂದ, ಇನ್ನೊಬ್ಬರು:
1948ರ ತನಕ ನಿಜಾಮನ ಕೈಯಾಗಿದ್ದ ಊರು ನಮ್ದು. ಜಮೀನು, ತಕರಾರು, ದಾಖಲೆ ನಮಗ ಎರವಲು ಅನ್ಸಂಗಿಲ್ರಿ. ಬಳ್ಳಾರಿಯವರು 1953ರ ತನಕ ಮದ್ರಾಸಿನಾಗಿದ್ರು, ಅವರ ಮಾತಿನಾಗ ತೆಲುಗು ಎಷ್ಟದ ಅಂತ ನಾವು ಎಂದಾದ್ರೂ ಕೇಳೀವೇನು?

ಬಳ್ಳಾರಿಯಿಂದ:
ವಿಷಯಕ್ಕೆ ಬನ್ನಿ ಸ್ವಾಮಿ.

ರಾಯಚೂರಿನಿಂದ:
ಪ್ರೆಸ್ಸಿನಿಂದ ಫೋನ್ ಬಂತು, ಕಳಿಸಿಬಿಟ್ಟೆ: “64 ಸಂಶೋಧನಾ ಲೇಖನಗಳು. ಇತರ ಸಂಶೋಧಕರಿಂದ 1,150 ಬಾರಿ ಉಲ್ಲೇಖ. ಎಚ್-ಸೂಚ್ಯಂಕ 18.” ತಳಿಯ ಹೆಸರು ಮ್ಯಾಲಿನ ಸಾಲಿನಾಗೇ ಹಾಕಿಸೀನಿ. ‘ಬಾರಿ’ ಹಾಕಿದ ಮ್ಯಾಲ ಗೊಂದಲ ಹೋತು ಅನ್ಸ್ತದ.

ಕೊಪ್ಪಳದಿಂದ:
ಹೋಗಿಲ್ಲ. ನನ್ನ ತಕರಾರು ದಾಖಲಾಗಿರಲಿ.